ಕಿಲ್‌ಪೆಕ್ಕೋ, ಲ್ಯಾವೆನ್‌ಹ್ಯಾಮೋ?

ಲಂಡನ್ನಿನಿಂದ ಒಂದೇ ದಿನದಲ್ಲಿ ಹೋಗಿಬರಲು ಮಧ್ಯಯುಗದ ಒಂದು ಹಳ್ಳಿ ಚರ್ಚನ್ನು ಆರಿಸಬೇಕೆಂದರೆ, ಮೊದಲು ನಿಮಗೆ ಬೇಕಿರುವುದು ಶಿಲ್ಪವೋ ಕಟ್ಟಡವೋ ಎಂದು ಕೇಳಿಕೊಳ್ಳಿ.

ಶಿಲ್ಪವಾದರೆ ಹೆರೆಫರ್ಡ್‌ಶೈರಿನ ಕಿಲ್‌ಪೆಕ್. ಸುಮಾರು 1140ರ ಕಟ್ಟಡ, ಇಂಗ್ಲೆಂಡನ್ನು ಗೆದ್ದು ಆಳಿದ ನಾರ್ಮನ್ನರ ಕಾಲದ್ದು, ಕೆಂಪು ಮರಳುಗಲ್ಲು. ಹಳೇಬೀಡಿನಲ್ಲಿ ಉಳಿ ಸದ್ದು ಕೇಳುತ್ತಿದ್ದ ಕಾಲವೇ ಅದು. ಚರ್ಚು ಪುಟ್ಟದು, ನೋಡಬೇಕಾದದ್ದೆಲ್ಲ ಹೊರಗೇ ಇದೆ. ದಕ್ಷಿಣದ ಬಾಗಿಲ ಕಂಬಗಳಲ್ಲಿ ಬಳ್ಳಿಗೆ ಸಿಕ್ಕಿಕೊಂಡ ಯೋಧರು, ಸೂರಿನ ಕೆಳಗೆ ಸಾಲಾಗಿ 80ಕ್ಕೂ ಹೆಚ್ಚು ಚಾಚುಗಲ್ಲುಗಳು, ಅಂದರೆ ಗೋಡೆಯಿಂದ ಹೊರಚಾಚಿದ ಕೆತ್ತನೆಯ ಕಲ್ಲುಗಳು. ಅದರಲ್ಲೊಂದು ನಾಯಿ–ಮೊಲದ ಜೋಡಿ: ಅಕ್ಕಪಕ್ಕ ಕೂತು ಮಿಕಮಿಕ ನೋಡುತ್ತವೆ, ಇಂದಿನ ಕಾರ್ಟೂನಿನಂತೆ. ಬೇಸಿಗೆಯ ನಡುಮಧ್ಯಾಹ್ನ ಹೋದರೆ ಸೂರಿನ ನೆರಳು ಇವುಗಳ ಮೇಲೇ ಬೀಳುತ್ತದೆ, ಫೋಟೊ ಕೆಡುತ್ತದೆ. ಬೈನಾಕ್ಯುಲರ್ ಮರೆಯಬೇಡಿ.

ಕಟ್ಟಡವಾದರೆ ಸಫೊಕ್‌ನ ಲ್ಯಾವೆನ್‌ಹ್ಯಾಮ್. ಉಣ್ಣೆಬಟ್ಟೆಯ ಹಣ ಕಟ್ಟಿಸಿದ ಚರ್ಚು. ಹೆಚ್ಚಿನ ಭಾಗ 1485–1525ರ ಸುಮಾರಿನದು, ಗೋಪುರ 141 ಅಡಿ, ಒಳಗೆ ದೊಡ್ಡ ಕಿಟಕಿಗಳ ಬೆಳಕು. ಖರ್ಚು ಕೊಟ್ಟವರು ಗುರುತು ಬಿಡದೆ ಹೋಗಿಲ್ಲ: ಆಕ್ಸ್‌ಫರ್ಡ್ ಅರ್ಲ್ ಎಂಬ ಪದವಿಯಿದ್ದ ಸಿರಿವಂತ ಡಿ ವೇರ್‌ನ ಲಾಂಛನವಾದ ನಕ್ಷತ್ರ, ಬಟ್ಟೆ ವ್ಯಾಪಾರಿ ಸ್ಪ್ರಿಂಗ್ ಮನೆತನದ ಮುದ್ರೆ ಎರಡೂ ಕಲ್ಲಿನಲ್ಲಿವೆ.

ಪ್ರಯಾಣದಲ್ಲಿ ಲ್ಯಾವೆನ್‌ಹ್ಯಾಮ್ ಹಗುರ. ರೈಲಿನಲ್ಲಿ ಸಡ್‌ಬರಿ, ಮುಂದೆ ಬಸ್ಸು. ಭಾನುವಾರವಾದರೆ ಬಸ್ಸಿನ ವೇಳೆ ಮೊದಲೇ ನೋಡಿಕೊಳ್ಳಿ. ಕಿಲ್‌ಪೆಕ್‌ಗೆ ಹೆರೆಫರ್ಡ್‌ವರೆಗೇ ಸುಮಾರು ಮೂರು ಗಂಟೆಯ ರೈಲು, ಆಮೇಲೆ 8 ಮೈಲಿ ಟ್ಯಾಕ್ಸಿ. ಜೇಬಿಗೂ ಭಾರವೇ.

ಮಕ್ಕಳು, ಹಿರಿಯರು ಜೊತೆಗಿದ್ದರೆ ಲ್ಯಾವೆನ್‌ಹ್ಯಾಮ್. ಊರಿನ ಮರದ ಚೌಕಟ್ಟಿನ ಹಳೆ ಮನೆಗಳೂ ಸಿಗುತ್ತವೆ. ಸ್ವಂತ ಕಾರಿದ್ದು, ಒಂದೊಂದೇ ಕಲ್ಲಿನ ಮುಂದೆ ನಿಲ್ಲುವ ಚಪಲವಿದ್ದರೆ ಕಿಲ್‌ಪೆಕ್.