ಸೋರುವ ಚೇತಕ್: ರಿಪೇರಿ ಕಿಟ್ಟೋ, ಹೊಸ ಕಾರ್ಬುರೇಟರೋ?
ಕಲಬುರಗಿಯ ನಮ್ಮ ಮನೆಯಂಗಳದ ಶಹಾಬಾದ್ ಹಾಸುಗಲ್ಲಿನ ಮೇಲೆ ಬೆಳಿಗ್ಗೆ ಪೆಟ್ರೋಲಿನ ಕಲೆ ಕಂಡಾಗ, ಹಳೆಯ ಬಜಾಜ್ ಚೇತಕ್‌ನ ಕಾರ್ಬುರೇಟರನ್ನೇ (ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬದಲಿಸುವಂತೆ ಹಲವರು ಸಲಹೆ ನೀಡಿದರು. ನನ್ನ ಆಯ್ಕೆ ಮೊದಲು ರಿಪೇರಿ ಕಿಟ್.

ಸೋರಿಕೆಗೆ ಸಾಮಾನ್ಯವಾಗಿ ಕಾರಣವಾಗುವುದು ಫ್ಲೋಟ್ ಸೂಜಿ. ಕಾರ್ಬುರೇಟರಿನ ಬಟ್ಟಲಿನಲ್ಲಿ ತೇಲುವ ಫ್ಲೋಟ್ ಮೇಲೇರಿದಾಗ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುವುದು ಈ ಸೂಜಿ. ಅದರ ತುದಿ ಸವೆದರೆ ಅಥವಾ ಅಲ್ಲಿ ಕಸ ಸಿಕ್ಕಿಕೊಂಡರೆ, ಬಟ್ಟಲು ತುಂಬಿದರೂ ಪೆಟ್ರೋಲ್ ಹರಿಯುತ್ತಲೇ ಇರುತ್ತದೆ. ಸೂಜಿ ಮತ್ತು ಸಂದು ಮುಚ್ಚುವ ಗ್ಯಾಸ್ಕೆಟ್‌ಗಳಿರುವ ಕಿಟ್ ಅಗ್ಗವಷ್ಟೇ ಅಲ್ಲ, ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ರಂಧ್ರದ ಮೂಲ ಜೆಟ್‌ಗಳನ್ನು ಹಾಗೆಯೇ ಉಳಿಸುವುದರಿಂದ ಎಂಜಿನ್ನಿನ ಹದವೂ ಕೆಡುವುದಿಲ್ಲ. ಬಿಚ್ಚಿದಾಗ ಫ್ಲೋಟನ್ನು ಕಿವಿಯ ಬಳಿ ಅಲುಗಿಸಿ ನೋಡಬೇಕು. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದರೆ ಅದನ್ನೂ ಬದಲಿಸಬೇಕು. ಎಥೆನಾಲ್ ಬೆರೆತ ಇಂದಿನ ಪೆಟ್ರೋಲಿಗೆ ತಾಳುವ ರಬ್ಬರ್ ಭಾಗಗಳನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಬೋಲ್ಟ್‌ಗಳನ್ನು ಅತಿಯಾಗಿ ಬಿಗಿದು ಕಾರ್ಬುರೇಟರಿನ ಮೈಯೇ ಸೊಟ್ಟಗಾಗಿದ್ದರೆ ಅಥವಾ ಸೂಜಿ ಕೂರುವ ಜಾಗವೇ ಸವೆದಿದ್ದರೆ ಕಿಟ್ಟಿನಿಂದ ಫಲವಿಲ್ಲ, ಹೊಸದೇ ಬೇಕು. ಆಗ ಜೆಟ್‌ಗಳ ಸಂಖ್ಯೆಯನ್ನು ಹಳೆಯದರೊಂದಿಗೆ ತಾಳೆ ನೋಡಿ, ಗಾಳಿ-ಪೆಟ್ರೋಲಿನ ಹದವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಯಾವುದನ್ನೇ ಆರಿಸಿದರೂ, ಕೆಲಸ ಮುಗಿಯುವವರೆಗೆ ಗಾಡಿ ನಿಲ್ಲಿಸಿದೊಡನೆ ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ಮುಚ್ಚಿರಿ.