ಮಗಳ ಶಾಲೆ 100, ಮಗನ ಶಾಲೆ 82

ನನ್ನ ಇಬ್ಬರು ಮಕ್ಕಳು ಒಂದು ವರ್ಷದ ಅಂತರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದರು. ಮಗಳು 2024ರಲ್ಲಿ, ಸುರತ್ಕಲ್ ಕಡೆಯ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಿಂದ. ಮಗ 2025ರಲ್ಲಿ, ಮನೆಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯಿಂದ. ಇಬ್ಬರ ಫೀಸನ್ನೂ ಒಟ್ಟಿಗೆ ಕಟ್ಟುವ ಶಕ್ತಿ ನಮಗಿರಲಿಲ್ಲ, ಹಾಗಾಗಿ ಒಬ್ಬೊಬ್ಬರು ಒಂದೊಂದು ಕಡೆ ಕಲಿತರು. ಈಗ ತಂಗಿ ತನ್ನ ಮಗಳನ್ನು ಎಂಟನೇ ತರಗತಿಗೆ ಎಲ್ಲಿ ಸೇರಿಸಲಿ ಅಂತ ಕೇಳುತ್ತಿದ್ದಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಫಲಿತಾಂಶ. ಮಗಳ ಶಾಲೆಯ ಗೇಟಿನಲ್ಲಿ ‘ಶೇ 100’ ಎಂಬ ಫ್ಲೆಕ್ಸ್ ಇತ್ತು. ಮಗನ ಶಾಲೆಯಲ್ಲಿ 34 ಮಕ್ಕಳು ಬರೆದು 28 ಮಂದಿ ಪಾಸಾದರು. ಅಂದರೆ ಶೇ 82. ಆ ವರ್ಷ ದಕ್ಷಿಣ ಕನ್ನಡ ಶೇ 91.12 ತೆಗೆದು ರಾಜ್ಯಕ್ಕೇ ಮೊದಲು, ಉಡುಪಿ 89.96ರಲ್ಲಿ ಎರಡನೆಯದು. ಅದರ ಹಿಂದಿನ ವರ್ಷ ಉಡುಪಿ 94, ನಮ್ಮದು 92.12. ಇಂಥ ಜಿಲ್ಲೆಯಲ್ಲಿ 82 ಅಂದರೆ ಜನ ಮುಖ ಸಿಂಡರಿಸುತ್ತಾರೆ. “ಅಕ್ಕ, ಆ ಶಾಲೆ ಅಷ್ಟೇ ಅಲ್ವಾ?” ಎಂದು ಪಕ್ಕದ ಮನೆಯವಳು ನನ್ನ ಮಗನೆದುರೇ ಕೇಳಿದಳು. ತುಂಬಾ ಬೇಜಾರಾಯಿತು. ಯಾಕೆಂದರೆ ಆ 100 ಹೇಗೆ ಬಂತು, ಈ 82 ಹೇಗೆ ಬಂತು, ಎರಡನ್ನೂ ನಾನು ಹತ್ತಿರದಿಂದ ನೋಡಿದ್ದೇನೆ.

ಮಗಳು ಎಂಟರಲ್ಲಿದ್ದಾಗ ಅವಳ ಕ್ಲಾಸಿನಲ್ಲಿ 42 ಮಕ್ಕಳಿದ್ದರು. ಹತ್ತನೇ ಪರೀಕ್ಷೆಗೆ ಕೂತವರು 36. ಒಂಬತ್ತರ ಕೊನೆಗೆ ಕೆಲವು ಅಪ್ಪ ಅಮ್ಮಂದಿರನ್ನು ಆಫೀಸಿಗೆ ಕರೆದು, ಟಿಸಿ ತೆಗೆದುಕೊಂಡು ಬೇರೆ ಕಡೆ ನೋಡಿ ಅಂದರು. ಅವರ ಪೈಕಿ ಇಬ್ಬರು ಸೇರಿದ್ದು ನನ್ನ ಮಗ ಕಲಿಯುತ್ತಿದ್ದ ಸರ್ಕಾರಿ ಶಾಲೆಗೇ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟಿನಲ್ಲಿ ಖಾಸಗಿ ಶಾಲೆಗೆ ಹೋದ ಮಕ್ಕಳದ್ದೂ ಇದೇ ದಾರಿ. ಆ ಸೌಲಭ್ಯ ಎಂಟನೇ ತರಗತಿಗೆ ಮುಗಿಯುತ್ತದೆ. ಆಮೇಲೆ ಫೀಸು ಕಟ್ಟಲಾಗದವರು ಇಲ್ಲಿಗೇ ಬರುತ್ತಾರೆ. ಸರ್ಕಾರಿ ಶಾಲೆಯವರು ಯಾರನ್ನೂ ಬೇಡ ಅನ್ನುವಂತಿಲ್ಲ.

ಮಗನ ಕ್ಲಾಸಿನಲ್ಲಿ ತುಳು, ಬ್ಯಾರಿ, ಕೊಂಕಣಿ ಮನೆಗಳ ಮಕ್ಕಳಿದ್ದರು. ಬೈಕಂಪಾಡಿಯ ಫ್ಯಾಕ್ಟರಿಗಳಿಗೆ, ಕಟ್ಟಡ ಕೆಲಸಕ್ಕೆ ಬಂದ ಬಾಗಲಕೋಟೆ, ಕೊಪ್ಪಳ, ಗದಗದವರ ಮಕ್ಕಳೇ ಮೂರರಲ್ಲೊಂದು ಪಾಲು. ಬಿಹಾರದ ಒಬ್ಬಳು ಹುಡುಗಿ ಕನ್ನಡ ಅಕ್ಷರ ಕಲಿತದ್ದೇ ಆರನೇ ತರಗತಿಯಲ್ಲಿ. ಊರಿನ ಜಾತ್ರೆಗೆ ಹೋದವರು ಎರಡು ವಾರ ಬಿಟ್ಟು ಬರುತ್ತಿದ್ದರು. ಅಪ್ಪನಿಗೆ ಇನ್ನೊಂದು ಊರಿನಲ್ಲಿ ಕೆಲಸ ಸಿಕ್ಕಿದರೆ ಬರುತ್ತಲೇ ಇರಲಿಲ್ಲ. ಸಂಜೆ ಮನೆಗೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು, ನೀರು ತುಂಬಬೇಕು. ಮಗಳ ಕ್ಲಾಸಿನಲ್ಲಿ ಟ್ಯೂಶನ್‌ಗೆ ಹೋಗದ ಮಕ್ಕಳೇ ಇರಲಿಲ್ಲ. ಅವಳಿಗೂ ಗಣಿತಕ್ಕೆ ನಾವೇ ಟ್ಯೂಶನ್ ಹಾಕಿಸಿದ್ದೆವು. ಹಾಗಿರುವಾಗ ಆ ಅಂಕದಲ್ಲಿ ಶಾಲೆಯ ಪಾಲೆಷ್ಟು, ಮನೆಯವರ ದುಡ್ಡಿನ ಪಾಲೆಷ್ಟು?

ಅಂಕ ಹೋಲಿಸುವಾಗ ಇನ್ನೊಂದು ವಿಷಯವನ್ನು ಯಾರೂ ನೋಡುವುದಿಲ್ಲ. ಇವರಿಬ್ಬರು ಬರೆದಾಗ ಒಟ್ಟು 625ರಲ್ಲಿ ಪ್ರಥಮ ಭಾಷೆಗೇ 125 ಇತ್ತು. ಮಗಳು ಸಂಸ್ಕೃತ ತೆಗೆದುಕೊಂಡಿದ್ದಳು, 124 ಬಂತು. ಮಗ ಕನ್ನಡ, 112. ಇದೊಂದರಲ್ಲೇ 12 ಅಂಕದ ಅಂತರ. ಮನೆಯಲ್ಲಿ ತುಳು ಮಾತಾಡುವ ಹುಡುಗ ಹಳಗನ್ನಡ ಪದ್ಯಕ್ಕೆಲ್ಲ ಉತ್ತರ ಬರೆದು 112 ತೆಗೆದದ್ದು ನನಗೆ ಕಡಿಮೆ ಅಂತ ಅನಿಸಲೇ ಇಲ್ಲ.

ಖಾಸಗಿ ಶಾಲೆಯಲ್ಲಿ ನಿಜವಾಗಿ ಚೆನ್ನಾಗಿದ್ದದ್ದು ಇಂಗ್ಲಿಷ್ ಮತ್ತು ಲ್ಯಾಬ್. ಮಗಳು ಯಾರೆದುರೂ ಧೈರ್ಯವಾಗಿ ಇಂಗ್ಲಿಷ್ ಮಾತಾಡುತ್ತಾಳೆ. ಮಗ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ಮೊದಲ ಮೂರು ತಿಂಗಳು ಪಾಠ ಅರ್ಥವಾಗದೆ ರಾತ್ರಿ ಅತ್ತಿದ್ದಾನೆ. ಇದನ್ನು ಮುಚ್ಚಿಡಲಾರೆ. ಆದರೆ ಮಗಳ ಶಾಲೆಯಲ್ಲಿ ಸಂಬಳ ಸಾಲದೆ ಮೂರು ವರ್ಷದಲ್ಲಿ ಮೂವರು ವಿಜ್ಞಾನ ಟೀಚರ್ ಬದಲಾದರು. ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರ್ ಮೂರು ವರ್ಷವೂ ಒಬ್ಬರೇ, ಪ್ರತಿ ಮಗುವಿನ ಮನೆ ಕಷ್ಟ ಅವರಿಗೆ ಗೊತ್ತಿತ್ತು. ಗಣಿತದ ಹುದ್ದೆ ಮಾತ್ರ ಒಂಬತ್ತರಲ್ಲಿ ಖಾಲಿ. ಅತಿಥಿ ಶಿಕ್ಷಕರು ಬರುವಾಗ ಆಗಸ್ಟ್ ಮುಗಿದಿತ್ತು. ಆರು ಮಂದಿ ಫೇಲಾದದ್ದೂ ಹೆಚ್ಚಾಗಿ ಗಣಿತದಲ್ಲೇ. ಮಕ್ಕಳು ಜೂನ್‌ನಲ್ಲೇ ಬಂದು ಕೂರುತ್ತಾರೆ, ಅವರಿಗೆ ಕಲಿಸುವವರು ಯಾಕೆ ಜೂನ್‌ನಲ್ಲೇ ಬರುವುದಿಲ್ಲ?

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಯೂನಿಫಾರ್ಮ್, ಹತ್ತನೇವರೆಗೆ ಮಧ್ಯಾಹ್ನದ ಊಟ, ಯಾವುದಕ್ಕೂ ದುಡ್ಡಿಲ್ಲ. ಮಗನ ಗೆಳತಿಯೊಬ್ಬಳು ಎಂಟರಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಪಾಸಾದಳು. ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ಸಿಗುತ್ತದೆ. ಪೂರ್ತಿ ಖಾಸಗಿ ಶಾಲೆಯ ಮಕ್ಕಳು ಅದನ್ನು ಬರೆಯುವಂತಿಲ್ಲ. ಮಗಳಿಗೆ ಶಕ್ತಿ ಯೋಜನೆಯೂ ಉಪಯೋಗಕ್ಕೆ ಬರಲಿಲ್ಲ, ನಮ್ಮ ದಾರಿಯಲ್ಲಿ ಓಡುವುದೆಲ್ಲ ಪ್ರೈವೇಟ್ ಸಿಟಿ ಬಸ್.

ತಂಗಿಗೆ ನಾನು ಸರ್ಕಾರಿ ಶಾಲೆಯನ್ನೇ ಹೇಳಿದೆ. ಗಣಿತ, ಇಂಗ್ಲಿಷ್ ಎರಡಕ್ಕೂ ಕಾಯಂ ಶಿಕ್ಷಕರು ಇದ್ದಾರಾ ಅಂತ ಮೊದಲು ಹೋಗಿ ನೋಡು, ಇಲ್ಲದಿದ್ದರೆ ಹತ್ತಿರದ ಅನುದಾನಿತ ಶಾಲೆ ನೋಡು ಅಂದೆ. ಖಾಸಗಿಗೇ ಹೋಗುವುದಾದರೆ ಫ್ಲೆಕ್ಸ್ ನೋಡಬೇಡ, ಎಂಟರಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಮಂದಿ ಅಲ್ಲೇ ಹತ್ತನೇ ಬರೆದರು ಅಂತ ಕೇಳು.

ಮಗನ ಶಾಲೆಯ ಆ ಆರು ಮಂದಿಗಾಗಿ ಮಾಸ್ಟ್ರು ಮೇ ತಿಂಗಳ ರಜೆಯಲ್ಲೂ ಕ್ಲಾಸ್ ಮಾಡಿದರು. ಪರೀಕ್ಷೆ-2ರಲ್ಲಿ ನಾಲ್ವರು ಪಾಸಾದರು. ಸೇರಿಸಿದರೆ 34ಕ್ಕೆ 32, ಶೇ 94. ಊರಿನವರ ಬಾಯಲ್ಲಿ ಮಾತ್ರ ಈಗಲೂ 82 ಅಂತಲೇ ಇದೆ. ಆ ನಾಲ್ವರಲ್ಲಿ ಬಾಗಲಕೋಟೆಯ ಗಾರೆ ಕೆಲಸದವರ ಮಗನಿಗೆ ಗಣಿತದಲ್ಲಿ 41 ಬಂದಿತ್ತು. ಅವನೀಗ ಐಟಿಐಗೆ ಹೋಗುತ್ತಿದ್ದಾನೆ. ಅವರ ಮನೆಯಲ್ಲಿ ಹತ್ತನೇ ಪಾಸಾದ ಮೊದಲನೆಯವನು ಅವನೇ.