ತೋಟದ ತಗ್ಗಿಗೆ ಇಳಿಯದ ಎಫ್‌ಎಂ: ಎಂಟು ವರ್ಷ ಕೇಳಿದವನ ಅಭಿಪ್ರಾಯ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ಮನೆಯಲ್ಲಿ ಎಂಟು ವರ್ಷಗಳಿಂದ ಎರಡು ನಿಲಯಗಳನ್ನು ಕೇಳುತ್ತಿದ್ದೇನೆ: ಆಕಾಶವಾಣಿ ಮಂಗಳೂರಿನ 100.3 ಮತ್ತು ಮಂಗಳೂರು ಕಡೆಯ ಒಂದು ಖಾಸಗಿ ಎಫ್‌ಎಂ. ನನ್ನದು ಎರಡು ಸೆಲ್ಲಿನ ಚಿಕ್ಕ ರೇಡಿಯೋ. ಸೆಲ್ಲಿನ ಹೊರತು ಬೇರೆ ಖರ್ಚಿಲ್ಲದ ಕಾರಣ ಫೋನಿನ ಡೇಟಾ ಖರ್ಚು ಮಾಡಿ ಕೇಳುವ ಅಭ್ಯಾಸ ನನಗೆ ಹಿಡಿಸಲಿಲ್ಲ.

ಮೊದಲು ಸಂತೋಷದ ವಿಷಯ. ತಂದೆಯವರ ಕಾಲದಲ್ಲಿ ಮೀಡಿಯಂ ವೇವ್‌ನ 1089ರಲ್ಲಿ ತಾಳಮದ್ದಳೆ ಕೇಳುವಾಗ ಚಕ್ರತಾಳದ ಸದ್ದು ಬರಿಯ ಸಿಳ್ಳಿನಂತೆ ಕೇಳಿಸುತ್ತಿತ್ತು, ಏಕೆಂದರೆ ಆ ತರಂಗದಲ್ಲಿ ಎತ್ತರದ ಸ್ವರಗಳಿಗೆ ಜಾಗವೇ ಇಲ್ಲ. ಎಫ್‌ಎಂನಲ್ಲಿ ಅದೇ ತಾಳ ಲೋಹದ ನಾದವಾಗಿ ಮೊಳಗುತ್ತದೆ. ಭಾಗವತರು ಪದದ ನಡುವೆ ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ರಾತ್ರಿ ಚಾವಡಿಯಲ್ಲಿ ಅಡಿಕೆ ಸುಲಿಯುತ್ತ ಇದನ್ನು ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಅಡಿಕೆಯನ್ನು ಕೆಳಗಿಟ್ಟು ಸುಮ್ಮನೆ ಕುಳಿತಿದ್ದೆ.

ಆದರೆ ಈ ಸೊಗಸು ಚಾವಡಿಗೆ ಮಾತ್ರ ಸೀಮಿತ. ನಮ್ಮ ತೋಟ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಎಫ್‌ಎಂ ತರಂಗ ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಗುಡ್ಡದ ಮರೆಯಲ್ಲಿ ಕ್ಷೀಣಿಸುತ್ತದೆ, ಮೀಡಿಯಂ ವೇವ್ ನೆಲವನ್ನು ಹಿಡಿದು ಇಳಿದು ಬರುತ್ತಿತ್ತು. ಹೀಗಾಗಿ ಕೆರೆಯ ಬಳಿ ತಲುಪುವಷ್ಟರಲ್ಲಿ ಮಾತು ತುಂಡಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ನಾಲ್ಕು ಮೊಳ ತಾಮ್ರದ ಸರಿಗೆಯ ಒಂದು ತುದಿಯನ್ನು ಆಂಟೆನಾಕ್ಕೆ ಸುತ್ತಿ, ಇನ್ನೊಂದನ್ನು ಪೇರಳೆ ಗಿಡದ ಕೊಂಬೆಗೆ ಕಟ್ಟಿ, ರೇಡಿಯೋವನ್ನು ಕಲ್ಲಿನ ಮೇಲೆ ಉತ್ತರಕ್ಕೆ ವಾರೆಯಾಗಿ ಇಡುವುದು. ತುಲಾ ಮಾಸದ ಸಿಡಿಲಿನ ದಿನಗಳಲ್ಲಿ ಸರಿಗೆಯನ್ನು ಮರೆಯದೆ ಬಿಚ್ಚಿಡುತ್ತೇನೆ. ಇಷ್ಟೆಲ್ಲ ಮಾಡಿದರೂ ಗಾಳಿಗೆ ಕೊಂಬೆ ಅಲುಗಿದರೆ ಮಲಯಾಳದ ನಿಲಯವೊಂದು ನಡುವೆ ನುಸುಳುತ್ತದೆ.

ಇನ್ನು ಖಾಸಗಿ ನಿಲಯದ ಮಾತು. ಆರಂಭದ ವರ್ಷಗಳಲ್ಲಿ ಅಲ್ಲಿ ಹಾಡಿನ ಜೊತೆಗೆ ಗಾಯಕರ ಮತ್ತು ಸಂಗೀತ ನಿರ್ದೇಶಕರ ಹೆಸರು ಹೇಳುತ್ತಿದ್ದರು, ಫೋನ್ ಮಾಡಿದವರ ಊರನ್ನು ಕೇಳಿ ಬದಿಯಡ್ಕ, ಮುಳ್ಳೇರಿಯ ಎಂದು ಸರಿಯಾಗಿ ಉಚ್ಚರಿಸುತ್ತಿದ್ದರು. ಮಲಯಾಳದ ನಡುವೆ ಬದುಕುವ ನಮಗೆ ಕನ್ನಡದ ದನಿಯೊಂದು ನಮ್ಮೂರಿನ ಹೆಸರು ಹೇಳುವುದು ಸಣ್ಣ ವಿಷಯವಲ್ಲ. ಎರಡು ಬಾರಿ ರೂಪ ಬದಲಾದ ಮೇಲೆ ಈಗ ಬೆಳಿಗ್ಗೆ ಬರುವುದು ಮೊದಲೇ ಮುದ್ರಿಸಿದ ಮಾತು, ಅದೇ ಹತ್ತಾರು ಹಾಡುಗಳು ಮತ್ತು ಬೆಂಗಳೂರಿನ ರಸ್ತೆಗಳ ಪ್ರಸ್ತಾಪ.

ನನ್ನ ಅಸಮಾಧಾನಕ್ಕೆ ಕಾರಣ ಮಳೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ದಿನ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣವನ್ನು ನೂರು ಲೀಟರ್ ನೀರಿಗೆ ಸೇರಿಸಿದರೆ ಆ ದ್ರಾವಣವನ್ನು ಅಂದೇ ಮುಗಿಸಬೇಕು. ಸಿಂಪಡಿಸಿದ ಬೆನ್ನಿಗೇ ಮಳೆ ಬಂದರೆ ಮದ್ದೂ ಮರವೇರಿದವರ ಕೂಲಿಯೂ ನಷ್ಟ. ಖಾಸಗಿ ನಿಲಯಗಳು ತಾವಾಗಿ ಸುದ್ದಿ ಪ್ರಸಾರ ಮಾಡುವಂತಿಲ್ಲವೆಂಬುದು ನಿಜ, ಆದರೆ ಖಾಸಗಿ ಎಫ್‌ಎಂಗಾಗಿ ಕೇಂದ್ರ ಸರ್ಕಾರ ತಂದ 2011ರ ಮೂರನೆಯ ಹಂತದ ನೀತಿಯಲ್ಲಿ ಹವಾಮಾನದ ಮಾಹಿತಿಗೆ ಅವಕಾಶವಿದೆ. ಅವಕಾಶವಿದ್ದೂ ಬಳಸದಿರುವುದನ್ನು ನನ್ನಂಥ ಕೇಳುಗ ಹೇಗೆ ಸಹಿಸಲಿ?

ಹಾಗೆಂದು ಆ ನಿಲಯವನ್ನು ಪೂರ್ತಿ ಬಿಟ್ಟಿಲ್ಲ. ರಾತ್ರಿ ಒಂಬತ್ತರ ನಂತರ ಹಳೆಯ ಹಾಡುಗಳನ್ನು ಹೆಚ್ಚು ಮಾತಿಲ್ಲದೆ, ನಡುವೆ ಕತ್ತರಿಸದೆ ಕೊನೆಯ ಸಾಲಿನವರೆಗೂ ಕೇಳಿಸುತ್ತಾರೆ. ಆ ಹೊತ್ತಿನಲ್ಲಿ ಅಮ್ಮನೂ ಬಂದು ಗೋಡೆಗೊರಗಿ ಕೂರುತ್ತಾರೆ, ಪ್ರತಿ ಹಾಡಿಗೂ ಗಾಯಕರ ಹೆಸರನ್ನು ತಾವೇ ಹೇಳುತ್ತಾರೆ.

ಬೆಳಗಿನ ಹೊತ್ತಿಗೆ ಮಾತ್ರ ನನ್ನ ಆಯ್ಕೆ 100.3. ಖಾಸಗಿಯವರು ಆರೂವರೆಗೆ ಎರಡೇ ನಿಮಿಷ ಕರಾವಳಿಯ ಮಳೆಯ ವಿಷಯ ಹೇಳಿದರೂ ಸಾಕು, ಮದ್ದು ಬಿಡುವ ದಿನಗಳಲ್ಲಿ ಮುಳ್ಳನ್ನು ಅತ್ತಲೂ ತಿರುಗಿಸುತ್ತೇನೆ.